ರೋಗಿಯ ಮಾತು, ವೈದ್ಯರ ಬರಹ

ಕಾಯಿಲೆಯನ್ನು ಪತ್ತೆ ಹಚ್ಚಿಕೊಡುವುದು ಯಾವುದು? ರೋಗಿ ಹೇಳುವ ಮಾತೋ, ವೈದ್ಯರು ಮುಟ್ಟಿ ತಟ್ಟಿ ನೋಡುವ ಪರೀಕ್ಷೆಯೋ, ಲ್ಯಾಬಿನ ರಿಪೋರ್ಟೋ? 1975ರಲ್ಲಿ ಬ್ರಿಟನ್ನಿನ ವೈದ್ಯರ ತಂಡವೊಂದು ಹೊಸದಾಗಿ ಬಂದ 80 ಹೊರರೋಗಿಗಳ ವಿಷಯದಲ್ಲಿ ಇದನ್ನೇ ಲೆಕ್ಕ ಹಾಕಿತು. 66 ಜನರ ಪಾಲಿಗೆ, ಊರಿನ ವೈದ್ಯರು ಕೊಟ್ಟ ಪತ್ರ ಓದಿ ರೋಗಿಯ ಮಾತು ಕೇಳಿ ಮುಗಿಸುವಷ್ಟರಲ್ಲಿ ಮಾಡಿದ ತೀರ್ಮಾನವೇ ಕೊನೆಯವರೆಗೂ ನಿಂತಿತು. ಮೈ ಪರೀಕ್ಷೆ ದಾರಿ ತೋರಿಸಿದ್ದು 7 ಜನರಲ್ಲಿ, ಲ್ಯಾಬ್ ಪರೀಕ್ಷೆ ದಾರಿ ತೋರಿಸಿದ್ದು ಇನ್ನು 7 ಜನರಲ್ಲಿ. ಆಮೇಲಿನ ಅರ್ಧ ಶತಮಾನದಲ್ಲಿ ಎಷ್ಟೋ ಯಂತ್ರಗಳು ಬಂದಿವೆ. ಆದರೆ ಯಾವ ಯಂತ್ರದ ಕಡೆಗೆ ರೋಗಿಯನ್ನು ಕಳಿಸಬೇಕು ಅನ್ನುವುದನ್ನು ಇವತ್ತಿಗೂ ತೀರ್ಮಾನಿಸುವುದು ಆ ಮೊದಲ ಮಾತೇ.

ಹಾಗಾದರೆ ಆ ಮಾತಿಗೆ ಸಿಗುವ ಅವಕಾಶ ಎಷ್ಟು? ಅಮೆರಿಕದ ಹೋವರ್ಡ್ ಬೆಕ್‌ಮನ್ ಮತ್ತು ರಿಚರ್ಡ್ ಫ್ರ್ಯಾಂಕೆಲ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವೈದ್ಯರು ಮತ್ತು ರೋಗಿಗಳ 74 ಭೇಟಿಗಳ ಧ್ವನಿಮುದ್ರಣ ಇಟ್ಟುಕೊಂಡು ಕೇಳಿದರು. ರೋಗಿ ಮಾತು ಶುರು ಮಾಡಿದ ಸರಾಸರಿ 18 ಸೆಕೆಂಡಿಗೆ ವೈದ್ಯರು ಮಧ್ಯೆ ಬಾಯಿ ಹಾಕಿದ್ದರು. ಹೇಳಬೇಕೆಂದು ಬಂದದ್ದನ್ನು ಪೂರ್ತಿ ಹೇಳಿ ಮುಗಿಸಿದವರು ನೂರಕ್ಕೆ 23 ಜನ ಮಾತ್ರ.

ರೋಗನಿರ್ಣಯಕ್ಕೆ ಅತಿ ಹೆಚ್ಚು ನೆರವಾಗುವ ಸಾಧನವನ್ನೇ ನಾವು ಅತಿ ಕಡಿಮೆ ಬಳಸುತ್ತಿದ್ದೇವೆ. ಇದನ್ನು ಬರೀ ಅವಸರ ಎಂದುಕೊಂಡರೆ ಸಮಸ್ಯೆ ಅರ್ಥವಾಗುವುದಿಲ್ಲ. ರೋಗಿಗೆ ಸರಿಯಾಗಿ ಹೇಳಲು ಬರುವುದಿಲ್ಲ, ಆತ ಹೇಳುವುದರಲ್ಲಿ ಕಾಳಿಗಿಂತ ಜೊಳ್ಳೇ ಹೆಚ್ಚು, ಅದನ್ನು ಬೇಗ ತೂರಿ ಕಾಳು ಆರಿಸಿಕೊಳ್ಳುವುದೇ ವೈದ್ಯರ ಜಾಣತನ ಎಂಬ ನಂಬಿಕೆ ಅವಸರದ ಹಿಂದೆ ಕೆಲಸ ಮಾಡುತ್ತಿದೆ. ಆ ನಂಬಿಕೆ ತಪ್ಪು ಎನ್ನುವುದು ನನ್ನ ವಾದ. ಒಂದೇ ಕಾಯಿಲೆಯ ಬಗ್ಗೆ ರೋಗಿಯೂ ವೈದ್ಯರೂ ಎರಡು ಬೇರೆ ಪ್ರಶ್ನೆಗಳಿಗೆ ಉತ್ತರ ಹೇಳುತ್ತಿರುತ್ತಾರೆ. ನನ್ನ ಬದುಕಿಗೆ ಏನಾಯಿತು ಎಂದು ರೋಗಿ ಹೇಳುತ್ತಾನೆ. ಇದು ಯಾವ ರೋಗದ ಪಟ್ಟಿಗೆ ಸೇರುತ್ತದೆ ಎಂದು ವೈದ್ಯರು ಹುಡುಕುತ್ತಾರೆ. ಎರಡೂ ಬೇಕು. ಆದರೆ ಇವೆರಡರ ನಡುವೆ ಸೇತುವೆ ಕಟ್ಟುವ ಹೊಣೆಯನ್ನು ಇವತ್ತು ನಾವು ಹೊರಿಸಿರುವುದು ಅದನ್ನು ಹೊರಲಾರದವರ ಮೇಲೆ, ಕಾಯಿಲೆ ಬಿದ್ದವರ ಮೇಲೆ.

ಹಳೇ ಮೈಸೂರು ಸೀಮೆಯ ಯಾವ ತಾಲ್ಲೂಕು ಆಸ್ಪತ್ರೆಯಲ್ಲಾದರೂ ನಡೆಯಬಹುದಾದ ಒಂದು ಮಾತುಕತೆಯನ್ನು ಹತ್ತಿರದಿಂದ ನೋಡೋಣ. ಎಪ್ಪತ್ತರ ಆಸುಪಾಸಿನ ಅಜ್ಜಿ, ಮೇಜಿನ ಆಚೆ ಕಡೆ ಈಗಷ್ಟೇ ಕೆಲಸಕ್ಕೆ ಸೇರಿದ ಯುವ ವೈದ್ಯ.

“ಏನಜ್ಜಿ ತೊಂದರೆ?”

“ಸುಸ್ತು ಕಣಪ್ಪ. ಕೈಕಾಲಲ್ಲಿ ಸತ್ವಾನೇ ಇಲ್ಲ. ಒಂದು ಬಿಂದಿಗೆ ನೀರು ತರಕ್ಕಾಗಾಕಿಲ್ಲ.”

“ಎದೆ ನೋವು ಬರುತ್ತಾ?”

“ನೋವೇನೂ ಇಲ್ಲ.”

“ಮಲಗಿದಾಗ ದಮ್ಮು ಬರುತ್ತಾ, ಉಸಿರು ಕಟ್ಟಿದ ಹಾಗೆ?”

“ಇಲ್ಲ ಕಣಪ್ಪ, ಹಂಗೇನೂ ಇಲ್ಲ.”

ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಬರೆದದ್ದು: ಆಯಾಸ, ಎದೆನೋವಿಲ್ಲ, ಮಲಗಿದಾಗ ಉಸಿರಾಟದ ತೊಂದರೆಯಿಲ್ಲ. ಕೆಳಗೆ ರಕ್ತ ಹೆಚ್ಚಿಸುವ ಮಾತ್ರೆ, ವಿಟಮಿನ್ ಮಾತ್ರೆ. ಪಕ್ಕದಲ್ಲಿ ಬಿಪಿ ನೋಡುತ್ತಿದ್ದ ಸಿಸ್ಟರ್ ಸುಮ್ಮನೆ ಮಾತಿಗೆಂದು ಕೇಳುತ್ತಾರೆ: “ರಾತ್ರಿ ನಿದ್ದೆ ಚೆನ್ನಾಗಿ ಬರುತ್ತಾ ಅಜ್ಜಿ?”

“ಎಲ್ಲಿ ಬತ್ತದೆ ತಾಯಿ. ಗೋಡೆಗೆ ಒರಗಿ ಕೂತ್ಕಂಡೇ ಬೆಳಗು ಮಾಡ್ತೀನಿ. ಬೆನ್ನು ನೆಲಕ್ಕೆ ಹಾಕಿ ಎರಡು ತಿಂಗ್ಳಾಯ್ತು.”

ಹೃದಯದ ಬಲ ಕುಗ್ಗಿದಾಗ ಮಲಗಿದರೆ ಶ್ವಾಸಕೋಶದಲ್ಲಿ ನೀರು ನಿಲ್ಲುತ್ತದೆ, ಉಸಿರು ಕಟ್ಟುತ್ತದೆ, ಎದ್ದು ಕೂತರೆ ಹಗುರವಾಗುತ್ತದೆ. ವೈದ್ಯ ಕೇಳಿದ್ದು ಸರಿಯಾದ ಪ್ರಶ್ನೆಯನ್ನೇ. ಅಜ್ಜಿ ಕೊಟ್ಟದ್ದೂ ನಿಜವಾದ ಉತ್ತರವನ್ನೇ. ಮಲಗಿದರೆ ತಾನೆ ಉಸಿರು ಕಟ್ಟುವುದು? ಆಕೆ ಮಲಗುವುದನ್ನೇ ಬಿಟ್ಟಿದ್ದಾಳೆ. ದೇಹ ಸಹಕರಿಸದಿದ್ದಾಗ ಮನುಷ್ಯರು ಸದ್ದಿಲ್ಲದೆ ತಮ್ಮ ದಿನಚರಿಯನ್ನು ಬದಲಿಸಿಕೊಳ್ಳುತ್ತಾರೆ. ಮೆಟ್ಟಿಲು ಹತ್ತುವುದನ್ನು ಬಿಡುತ್ತಾರೆ, ಸಂತೆಗೆ ಮಗನನ್ನು ಕಳಿಸುತ್ತಾರೆ, ಮದುವೆಮನೆಗೆ ಹೋಗುವುದಿಲ್ಲ. ಹಾಗೆ ಬದಲಿಸಿಕೊಂಡ ಮೇಲೆ ರೋಗಲಕ್ಷಣ ಕಣ್ಣಿಗೆ ಕಾಣುವುದಿಲ್ಲ, ಕುಗ್ಗಿದ ಬದುಕು ಮಾತ್ರ ಉಳಿಯುತ್ತದೆ. ಪಠ್ಯಪುಸ್ತಕದ ಹೌದು-ಇಲ್ಲ ಪ್ರಶ್ನೆಗಳು ಲಕ್ಷಣವನ್ನು ಹುಡುಕುತ್ತವೆ. ಬಿಂದಿಗೆ ನೀರು ತರಲಾಗುವುದಿಲ್ಲ ಎಂದು ಅಜ್ಜಿ ಮೊದಲ ಉತ್ತರದಲ್ಲೇ ತನ್ನ ಬದುಕು ಎಷ್ಟು ಕುಗ್ಗಿದೆ ಎನ್ನುವುದನ್ನು ಹೇಳಿಯಾಗಿತ್ತು. ಚೀಟಿಯಲ್ಲಿ ಅದಕ್ಕೆ ಜಾಗವಿರಲಿಲ್ಲ.

ಈ ವ್ಯತ್ಯಾಸವನ್ನು ವೈದ್ಯಕೀಯ ಲೋಕ ಗುರುತಿಸಿಲ್ಲವೆಂದಲ್ಲ. ಅಮೆರಿಕದ ಮನೋವೈದ್ಯ ಮತ್ತು ಮಾನವಶಾಸ್ತ್ರಜ್ಞ ಆರ್ಥರ್ ಕ್ಲೈನ್‌ಮನ್ 1978ರಲ್ಲಿ ತಮ್ಮ ಸಹೋದ್ಯೋಗಿಗಳೊಂದಿಗೆ ಬರೆದ ಲೇಖನದಲ್ಲಿ, ದೇಹದೊಳಗಿನ ಕೆಡುಕು ಒಂದು, ಅದನ್ನು ಮನುಷ್ಯ ತನ್ನ ಸಂಸಾರ, ಕೆಲಸ, ಭಯಗಳ ನಡುವೆ ಅನುಭವಿಸುವ ಬಗೆ ಇನ್ನೊಂದು ಎಂದು ಬಿಡಿಸಿ ತೋರಿಸಿದರು. ರೋಗಿಯನ್ನು ಕೇಳಬೇಕಾದ ಪ್ರಶ್ನೆಗಳನ್ನೂ ಕೊಟ್ಟರು: ಇದು ಯಾತಕ್ಕೆ ಬಂತೆಂದು ನಿಮಗನ್ನಿಸುತ್ತದೆ? ಈಗಲೇ ಯಾಕೆ ಶುರುವಾಯಿತು? ಇದರಿಂದ ನಿಮಗೆ ಮುಖ್ಯವಾಗಿ ಆಗಿರುವ ತೊಂದರೆ ಏನು? ನೀವು ಯಾವುದಕ್ಕೆ ಹೆದರಿದ್ದೀರಿ? ಇವು ವೈದ್ಯಕೀಯ ಶಿಕ್ಷಣದಲ್ಲಿ ಬಹಳ ಹೆಸರಾದವು. ಹೆಸರಾದಷ್ಟು ಬಳಕೆಯಾಗಲಿಲ್ಲ. ನಮ್ಮ ಹೊರರೋಗಿ ವಿಭಾಗಗಳಲ್ಲಿ “ನಿಮಗೆ ಯಾವುದರ ಭಯ?” ಎಂಬ ಪ್ರಶ್ನೆ ಕಿವಿಗೆ ಬೀಳುವುದು ಅಪರೂಪ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ರೋಗಿಯ ವರ್ಣನೆಯನ್ನು ನೆಚ್ಚಿಕೊಂಡರೆ ಮೋಸಹೋಗುವುದಿಲ್ಲವೆ? ಒಂದು ಮಟ್ಟಿಗೆ ನಿಜ. ತಲೆಸುತ್ತನ್ನೇ ತೆಗೆದುಕೊಳ್ಳಿ. ಸುತ್ತಲಿನದೆಲ್ಲ ಗಿರಗಿರ ತಿರುಗುವುದು, ಕಣ್ಣು ಕತ್ತಲೆ ಬಂದು ಬೀಳುವ ಹಾಗಾಗುವುದು, ನಡೆಯುವಾಗ ಜೋಲಿ ಹೊಡೆಯುವುದು, ತಲೆ ಹಗುರಾದಂತೆ ಅನ್ನಿಸುವುದು, ಎಲ್ಲವನ್ನೂ ಜನ ತಲೆಸುತ್ತು ಎಂದೇ ಹೇಳುತ್ತಾರೆ. 1972ರಿಂದಲೂ ವೈದ್ಯರಿಗೆ ಕಲಿಸಿದ್ದು, ಯಾವ ಬಗೆಯ ತಲೆಸುತ್ತು ಎಂದು ಕೇಳಿ ತಿಳಿದುಕೊಂಡರೆ ಕಾರಣ ಒಳಕಿವಿಯಲ್ಲೋ ಹೃದಯದಲ್ಲೋ ಮಿದುಳಲ್ಲೋ ಎಂದು ಹೇಳಬಹುದು ಎಂದು. 2007ರಲ್ಲಿ ಅಮೆರಿಕದ ಡೇವಿಡ್ ನ್ಯೂಮನ್-ಟೋಕರ್ ಮತ್ತವರ ಸಂಗಡಿಗರು ತುರ್ತು ಚಿಕಿತ್ಸಾ ವಿಭಾಗಕ್ಕೆ ತಲೆಸುತ್ತೆಂದು ಬಂದವರನ್ನು ಅದೇ ಪ್ರಶ್ನೆ ಕೇಳಿ, ಕೆಲವೇ ನಿಮಿಷ ಬಿಟ್ಟು ಮತ್ತೆ ಕೇಳಿದರು. ಅರ್ಧಕ್ಕಿಂತ ಹೆಚ್ಚು ಜನ ಎರಡನೆಯ ಸಲ ಬೇರೆ ಬಗೆಯನ್ನು ಆರಿಸಿದರು. ನೋಡಿ, ರೋಗಿಯ ಮಾತು ಇಷ್ಟೇ ಎಂದುಬಿಡಬಹುದಿತ್ತು. ಆದರೆ ಅದೇ ಜನ, ತಲೆಸುತ್ತು ಎಷ್ಟು ಹೊತ್ತು ಇರುತ್ತದೆ, ಏನು ಮಾಡಿದಾಗ ಬರುತ್ತದೆ ಎಂಬ ಪ್ರಶ್ನೆಗೆ ಹೆಚ್ಚು ಸ್ಥಿರವಾದ ಉತ್ತರ ಕೊಟ್ಟಿದ್ದರು. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಅರೆಗಳಿಗೆ ಬಂದು ಹೋಗುವ ತಲೆಸುತ್ತು ಒಳಕಿವಿಯ ಕಡೆ ಬೊಟ್ಟು ಮಾಡುತ್ತದೆ. ಕೂತಲ್ಲಿಂದ ಎದ್ದಾಗ ಮಾತ್ರ ಬರುವುದು ರಕ್ತದೊತ್ತಡ ಇಳಿಯುವುದರ ಕಡೆಗೆ. ಹೊತ್ತಿಲ್ಲ ಗೊತ್ತಿಲ್ಲ ಎನ್ನುವ ಹಾಗೆ ಒಮ್ಮೆಗೇ ಶುರುವಾಗಿ ನಿಲ್ಲದೆ ಇರುವುದು ಇನ್ನೂ ದೊಡ್ಡ ಎಚ್ಚರಿಕೆ.

ತಪ್ಪು ಇದ್ದದ್ದು ಉತ್ತರದಲ್ಲಲ್ಲ, ಪ್ರಶ್ನೆಯಲ್ಲಿ. ಒಳಗಿನ ಅನುಭವವನ್ನು ನಾಲ್ಕು ಖಾನೆಗಳಲ್ಲಿ ಒಂದಕ್ಕೆ ಹಾಕು ಎಂದು ರೋಗಿಗೆ ಹೇಳಿದ್ದು ವೈದ್ಯಶಾಸ್ತ್ರ. ಖಾನೆ ಹಾಕುವುದು ರೋಗಿಯ ಕೆಲಸವಲ್ಲ. ಎಲ್ಲಿ, ಯಾವಾಗ, ಏನು ಮಾಡುತ್ತಿದ್ದಾಗ ಎಂದು ನಡೆದದ್ದನ್ನು ನಡೆದ ಹಾಗೆ ಹೇಳುವುದರಲ್ಲಿ ಓದು ಬರಹ ಬಾರದವರೂ ಗಟ್ಟಿಗರು. ಹೊಲಕ್ಕೆ ಹೋದದ್ದು, ದನಕ್ಕೆ ನೀರು ಕುಡಿಸಲು ಬಗ್ಗಿದ್ದು, ಅಷ್ಟರಲ್ಲಿ ಹೀಗಾಯಿತು ಎಂದು ಶುರುವಾಗುವ ಕಥೆಯನ್ನು ವೈದ್ಯರು “ಅದೆಲ್ಲ ಬೇಡ, ಏನು ತೊಂದರೆ ಅಷ್ಟು ಹೇಳಿ” ಎಂದು ತಡೆಯುತ್ತಾರೆ. ಅವರಿಗೆ ಬೇಕಾದ ಸುಳಿವು ಇರುವುದು ಆ ಬಗ್ಗಿದ್ದರಲ್ಲೇ.

ವೈದ್ಯಶಾಸ್ತ್ರದ ಚರಿತ್ರೆಯೂ ಇದನ್ನೇ ಹೇಳುತ್ತದೆ. ಹೃದಯಕ್ಕೆ ರಕ್ತ ಸಾಲದೆ ಬರುವ ಎದೆನೋವನ್ನು ಮೊದಲು ಸ್ಪಷ್ಟವಾಗಿ ವಿವರಿಸಿದವರು ಲಂಡನ್ನಿನ ವಿಲಿಯಂ ಹೆಬರ್ಡೆನ್. 1768ರಲ್ಲಿ ಅವರು ಓದಿದ ಪ್ರಬಂಧ 1772ರಲ್ಲಿ ಅಚ್ಚಾಯಿತು. ಆಗ ಇಸಿಜಿ ಇರಲಿಲ್ಲ. ಪ್ಯಾರಿಸ್ಸಿನಲ್ಲಿ ಲಾನೆಕ್ ಸ್ಟೆತಸ್ಕೋಪ್ ಕಂಡುಹಿಡಿದದ್ದು 1816ರಲ್ಲಿ. ಹೆಬರ್ಡೆನ್‌ಗೆ ಇದ್ದದ್ದು ರೋಗಿಗಳ ಮಾತು ಮಾತ್ರ: ನಡೆಯುವಾಗ ಬರುತ್ತದೆ, ಏರು ಹತ್ತುವಾಗ, ಊಟವಾದ ಕೂಡಲೇ ನಡೆದರೆ ಇನ್ನೂ ಹೆಚ್ಚು, ನಿಂತ ತಕ್ಷಣ ಹೋಗಿಬಿಡುತ್ತದೆ. ಎರಡೂವರೆ ಶತಮಾನದ ಮೇಲೂ ಹೃದ್ರೋಗ ತಜ್ಞರು ಈ ವರ್ಣನೆಯನ್ನು ಇಟ್ಟುಕೊಂಡೇ ಎದೆನೋವನ್ನು ವಿಂಗಡಿಸುತ್ತಾರೆ. ತೀರಾ ಈಚಿನ ಉದಾಹರಣೆ ಬೇಕೆಂದರೆ ಕೋವಿಡ್ ಇದೆ. ಸೋಂಕು ಇಳಿದು ತಿಂಗಳುಗಳಾದರೂ ಸುಸ್ತು, ಮರೆವು, ಎದೆಬಡಿತ ಹೋಗಿಲ್ಲ ಎಂದು ಹೇಳಿದವರು ರೋಗಿಗಳು. ‘ಲಾಂಗ್ ಕೋವಿಡ್’ ಎಂಬ ಹೆಸರನ್ನು 2020ರ ಮೇ ತಿಂಗಳಲ್ಲಿ ಬಳಕೆಗೆ ತಂದ ಎಲಿಸಾ ಪೆರೆಗೊ ವೈದ್ಯೆಯಲ್ಲ, ಸ್ವತಃ ಕಾಯಿಲೆ ಅನುಭವಿಸಿದ ಪುರಾತತ್ವಜ್ಞೆ. ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೊಂದು ವ್ಯಾಖ್ಯೆ ಕೊಟ್ಟದ್ದು 2021ರ ಅಕ್ಟೋಬರಿನಲ್ಲಿ.

ಹಾಗೆಂದು ರೋಗಿಯ ಮಾತೆಲ್ಲ ಅನುಭವದ ಮಾತೇ ಆಗಿರುವುದಿಲ್ಲ. ವೈದ್ಯರ ಭಾಷೆಯಿಂದ ಉದುರಿದ ಪದಗಳನ್ನು ನಾವು ಹೆಕ್ಕಿಕೊಂಡು ಅದರಲ್ಲೇ ಮಾತಾಡಲು ಕಲಿತಿದ್ದೇವೆ. “ಗ್ಯಾಸ್ಟ್ರಿಕ್ ಆಗಿದೆ ಡಾಕ್ಟ್ರೇ”, “ಲೋ ಬಿಪಿ ಇದೆ”, “ಡಿಸ್ಕ್ ಜರುಗಿದೆ” ಎಂದು ಲಕ್ಷಣದ ಬದಲು ತೀರ್ಮಾನವನ್ನೇ ಹೊತ್ತುಕೊಂಡು ಬರುತ್ತೇವೆ. ಇವುಗಳಲ್ಲಿ ಅತಿ ಅಪಾಯಕಾರಿಯಾದದ್ದು ಗ್ಯಾಸ್ಟ್ರಿಕ್. ಹೃದಯಾಘಾತ ಎಲ್ಲರಿಗೂ ಸಿನಿಮಾದಲ್ಲಿ ತೋರಿಸುವ ಹಾಗೆ ಎದೆ ಹಿಡಿದುಕೊಂಡು ಬೀಳುವ ನೋವಾಗಿ ಬರುವುದಿಲ್ಲ. ಎದೆ ಮೇಲೆ ಭಾರ ಇಟ್ಟಂತೆ, ಹಿಂಡಿದಂತೆ, ಬಿಗಿದಂತೆ, ಉರಿದಂತೆ ಆಗಬಹುದು. ಹೊಟ್ಟೆಯ ಮೇಲ್ಭಾಗದಲ್ಲಿ ಸಂಕಟ, ದವಡೆಯಲ್ಲಿ ಸೆಳೆತ, ಎಡಗೈ ಭಾರ, ಬೆವರು, ವಾಕರಿಕೆ ಇರಬಹುದು. ಸಕ್ಕರೆ ಕಾಯಿಲೆ ಇರುವವರಲ್ಲಿ, ವಯಸ್ಸಾದವರಲ್ಲಿ, ಹೆಂಗಸರಲ್ಲಿ ಬರೀ ಸುಸ್ತು, ಏದುಸಿರು ಆಗಿಯೂ ಕಾಣಿಸಿಕೊಳ್ಳಬಹುದು. ನೋವಿದೆಯಾ ಎಂದರೆ ಇವರಲ್ಲಿ ಅನೇಕರು ಪ್ರಾಮಾಣಿಕವಾಗಿಯೇ ಇಲ್ಲ ಎನ್ನುತ್ತಾರೆ. ಗ್ಯಾಸ್ಟ್ರಿಕ್ ಎಂಬ ಹೆಸರು ಸಿಕ್ಕ ಮೇಲೆ ಮನೆಯಲ್ಲಿ ಜೀರಿಗೆ ಕಷಾಯ, ಈನೋ, ಮೆಡಿಕಲ್ ಶಾಪಿನ ಪ್ಯಾಂಟಾಪ್ರಜೋಲ್. ಅಷ್ಟರಲ್ಲಿ ಬೆಲೆ ಕಟ್ಟಲಾಗದ ಮೊದಲ ಗಂಟೆ ಕಳೆದಿರುತ್ತದೆ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ನಮ್ಮ ರಾಜ್ಯದ ಹಲವು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ತಜ್ಞರಿಗೆ ಕಳಿಸಿ, ಅಗತ್ಯವಿದ್ದರೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಬಂದಿದೆ. ಅಷ್ಟು ಬೆಲೆಯ ಔಷಧ ತಾಲ್ಲೂಕಿನವರೆಗೆ ಬಂದು ನಿಂತಿರುವಾಗ, ಒಂದು ತಪ್ಪು ಹೆಸರು ಮನುಷ್ಯನನ್ನು ಮನೆಯಲ್ಲೇ ಕೂರಿಸಿಬಿಡುತ್ತದೆ. ಅದಕ್ಕಿಂತ ಹೆಚ್ಚಿನ ದುಃಖವೆಂದರೆ, ಆಸ್ಪತ್ರೆಗೆ ಬಂದವರ ಬಾಯಲ್ಲೂ ಆ ಹೆಸರು ಕೇಳಿದ ವೈದ್ಯರು ಅದನ್ನೇ ಬರೆದುಕೊಂಡು ಇಂಜೆಕ್ಷನ್ ಕೊಟ್ಟು ಕಳಿಸುವುದು. ಎರಡು ಭಾಷೆಗಳು ಇಲ್ಲಿ ಕೂಡಿಕೊಂಡಂತೆ ಕಾಣುತ್ತವೆ. ಒಬ್ಬರ ಅನುಭವವೂ ಇನ್ನೊಬ್ಬರ ವಿವೇಚನೆಯೂ ಬಿಟ್ಟುಹೋಗಿ ಎರವಲು ಪದವೊಂದೇ ಉಳಿದಿದೆ.

ಮನಸ್ಸಿನ ಕಾಯಿಲೆಗಳಲ್ಲಿ ಈ ಕಂದರ ಇನ್ನೂ ಆಳ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಆರ್. ರಘುರಾಮ್, ಮಿಚೆಲ್ ವೈಸ್, ಎಸ್.ಎಂ. ಚನ್ನಬಸವಣ್ಣ ಮತ್ತು ಸಂಗಡಿಗರು ಮಾಡಿ 1996ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಈ ವಿಷಯದಲ್ಲಿ ಆಸಕ್ತಿ ಇರುವವರೆಲ್ಲ ನೆನೆಯಬೇಕು. ಹೊರರೋಗಿಗಳಾಗಿ ಬಂದವರನ್ನು ಮಾತಾಡಿಸಿದಾಗ, ಖಿನ್ನತೆಯ ಲಕ್ಷಣ ಹೆಚ್ಚಿದ್ದವರಲ್ಲಿ ಕಳಂಕದ ಭಾವನೆಯೂ ಹೆಚ್ಚಿತ್ತು. ಮೈನೋವು, ತಲೆನೋವು, ಸುಸ್ತಿನಂಥ ದೇಹದ ಲಕ್ಷಣಗಳು ಹೆಚ್ಚಿದ್ದವರಲ್ಲಿ ಅದು ಕಡಿಮೆಯಿತ್ತು. ಕಾರಣ ಊಹಿಸಲು ಕಷ್ಟವಿಲ್ಲ. ಮೈಕೈ ನೋವು ಯಾರಿಗೆ ಬರುವುದಿಲ್ಲ? ಅದನ್ನು ನೆಂಟರ ಮುಂದೆ ಹೇಳಿಕೊಳ್ಳಬಹುದು. ಮನಸ್ಸು ಸರಿಯಿಲ್ಲ ಎಂದರೆ ಮಗಳ ಮದುವೆ ಮಾತುಕತೆಗೆ ಅಡ್ಡಿ ಬರುತ್ತದೆ. ಅದಕ್ಕೂ ಮೊದಲು, 1981ರಲ್ಲಿ, ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್ ದಕ್ಷಿಣ ಕನ್ನಡದ ಹವ್ಯಕ ಹೆಣ್ಣುಮಕ್ಕಳ ಬಗ್ಗೆ ಬರೆದ ಲೇಖನ, ನೇರವಾಗಿ ಹೇಳಲು ಅವಕಾಶವಿಲ್ಲದ ಸಂಕಟ ಊಟ ಬಿಡುವುದಾಗಿ, ಮಡಿಯ ಅತಿರೇಕವಾಗಿ, ಮತ್ತೆ ಮತ್ತೆ ಕಾಡುವ ಮೈ ಕಾಯಿಲೆಯಾಗಿ ಹೊರಬರುವ ಬಗೆಯನ್ನು ವಿವರಿಸಿತ್ತು. ಈಗ ಪ್ರಪಂಚದ ಎಲ್ಲೆಡೆಯ ಮನೋವೈದ್ಯರು ಬಳಸುವ ಒಂದು ಪರಿಕಲ್ಪನೆಗೆ ನಮ್ಮ ಕರಾವಳಿಯ ಅಡುಗೆಮನೆಗಳ ಅನುಭವ ಆಧಾರವಾಯಿತು.

ಬಿಳಿ ಸೆರಗಿನ ವಿಚಾರ ಇದರ ಪರಿಣಾಮವನ್ನು ಇನ್ನಷ್ಟು ಸ್ಪಷ್ಟವಾಗಿ ತೋರಿಸುತ್ತದೆ. ಸುಸ್ತು, ಸೊಂಟನೋವು, ಬಿಳಿ ಸೆರಗು, ಈ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುವ ಹೆಣ್ಣುಮಕ್ಕಳನ್ನು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರು ದಿನವೂ ನೋಡುತ್ತಾರೆ. ಸೆರಗು ಎಂದರೆ ಸೋಂಕು ಎಂದು ಕಲಿತವರು ಆಂಟಿಬಯೋಟಿಕ್ ಬರೆಯುತ್ತಾರೆ. ಪಕ್ಕದ ಗೋವಾದಲ್ಲಿ ವಿಕ್ರಮ್ ಪಟೇಲ್ ಮತ್ತವರ ಸಂಗಡಿಗರು ಸಾವಿರಾರು ಮಹಿಳೆಯರ ನಡುವೆ ನಡೆಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ದೂರಿಗೆ ಸೋಂಕಿಗಿಂತ ಮನಸ್ಸಿನ ಮತ್ತು ಸಂಸಾರದ ಒತ್ತಡಗಳ ಜತೆಗಿನ ನಂಟೇ ಬಲವಾಗಿ ಕಂಡಿತು. ಮಾತ್ರೆ ಮುಗಿಯುತ್ತದೆ, ದೂರು ಉಳಿಯುತ್ತದೆ, ಮುಂದಿನ ಸಲ ಇನ್ನೂ ದುಬಾರಿ ಮಾತ್ರೆ ಬರುತ್ತದೆ. ಹಾಗಂತ ಹೆಣ್ಣುಮಕ್ಕಳ ನೋವನ್ನೆಲ್ಲ ಮನಸ್ಸಿನದು ಎಂದು ತಳ್ಳಿಹಾಕುವುದೂ ಇಷ್ಟೇ ದೊಡ್ಡ ಅನ್ಯಾಯ. ಮುಟ್ಟಿನ ಹೊಟ್ಟೆನೋವು ಎಲ್ಲರಿಗೂ ಇದ್ದದ್ದೇ ಎಂದು ಮನೆಯವರೂ ವೈದ್ಯರೂ ಹೇಳಿ ಕಳಿಸಿದ್ದರಿಂದ ಎಂಡೊಮೆಟ್ರಿಯೋಸಿಸ್ ಪತ್ತೆಯಾಗಲು ವರ್ಷಗಟ್ಟಲೆ ತಡವಾಗುವುದು ಲೋಕದೆಲ್ಲೆಡೆ ಕಂಡ ಸಂಗತಿ. ಎರಡೂ ತಪ್ಪುಗಳ ಮೂಲ ಒಂದೇ. ಆಕೆ ಹೇಳುವುದನ್ನು ಕೊನೆತನಕ ಕೇಳದೆ, ಮೊದಲ ಪದ ಕೇಳಿದೊಡನೆ ಅದರ ಅರ್ಥವನ್ನು ನಾವೇ ನಿರ್ಧರಿಸಿಬಿಡುವುದು.

ಕೇಳಿಸಿಕೊಳ್ಳುವುದು ಸೌಜನ್ಯ ಅಷ್ಟೇ, ಚಿಕಿತ್ಸೆಯಲ್ಲ ಎಂದುಕೊಂಡವರಿಗೆ ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಆಸ್ಪತ್ರೆಯ ಪ್ರಯೋಗ ಉತ್ತರ ಹೇಳುತ್ತದೆ. ಕಿಮೋಥೆರಪಿ ಪಡೆಯುತ್ತಿರುವವರ ವಾಕರಿಕೆ, ಸುಸ್ತು, ನೋವುಗಳನ್ನು ವೈದ್ಯರು ದಾಖಲಿಸುವಾಗ ರೋಗಿಗಳು ಸ್ವತಃ ಹೇಳುವುದಕ್ಕಿಂತ ಕಡಿಮೆ ತೂಕ ಕೊಡುತ್ತಾರೆ ಎಂದು ಅಲ್ಲಿನ ಈಥನ್ ಬಾಷ್ ಬಹುಕಾಲದಿಂದ ಹೇಳುತ್ತಿದ್ದರು. ಆಮೇಲೆ ದೇಹದಲ್ಲಿ ಹರಡಿದ ಕ್ಯಾನ್ಸರ್ ಇದ್ದ 766 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಂದಿನ ಆರೈಕೆ. ಇನ್ನೊಂದು ಗುಂಪಿನವರು ತಮಗಾಗುತ್ತಿರುವ ತೊಂದರೆಗಳನ್ನು ತಾವೇ ಕಂಪ್ಯೂಟರಿನಲ್ಲಿ ಗುರುತು ಮಾಡಬೇಕು, ತೊಂದರೆ ಹೆಚ್ಚಾದರೆ ನರ್ಸಿಗೆ ಸೂಚನೆ ಹೋಗುತ್ತದೆ. 2017ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಎಂದಿನ ಆರೈಕೆಯ ಗುಂಪಿನಲ್ಲಿ ಬದುಕುಳಿದ ಮಧ್ಯಮ ಅವಧಿ 26 ತಿಂಗಳು. ತಾವೇ ಹೇಳಿಕೊಂಡವರ ಗುಂಪಿನಲ್ಲಿ 31.2 ತಿಂಗಳು. ಹೊಸ ಔಷಧವಿಲ್ಲ, ಹೊಸ ಶಸ್ತ್ರಚಿಕಿತ್ಸೆಯಿಲ್ಲ. ರೋಗಿಯ ಮಾತು ಮಧ್ಯೆ ಸೋರಿಹೋಗದೆ ಕೇಳಬೇಕಾದವರ ಕಿವಿಗೆ ಬಿತ್ತು, ಕೇಳಿದವರು ಬೇಗ ಏನಾದರೂ ಮಾಡಿದರು. ಅದಕ್ಕೆ ಸಿಕ್ಕ ಪ್ರತಿಫಲ ಐದು ತಿಂಗಳ ಆಯುಸ್ಸು.

ಯಂತ್ರಗಳಿರುವಾಗ ಮಾತೇಕೆ ಎನ್ನುವವರೂ ಇದ್ದಾರೆ. ಸೊಂಟನೋವಿಲ್ಲದ, ಆರೋಗ್ಯವಾಗಿರುವ ಮೂರು ಸಾವಿರಕ್ಕೂ ಹೆಚ್ಚು ಜನರ ಸ್ಕ್ಯಾನ್‌ಗಳ ವರದಿಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದಿದೆ. ಇಪ್ಪತ್ತರ ವಯಸ್ಸಿನವರಲ್ಲೇ ನೂರಕ್ಕೆ 37 ಜನರಿಗೆ ಬೆನ್ನುಮೂಳೆಗಳ ನಡುವಿನ ಡಿಸ್ಕ್ ಸವೆದಿತ್ತು. ಎಂಬತ್ತರವರಲ್ಲಿ ನೂರಕ್ಕೆ 96 ಜನರಿಗೆ. ಇವರಲ್ಲಿ ಯಾರಿಗೂ ನೋವಿರಲಿಲ್ಲ. ಅಂದಮೇಲೆ ಸ್ಕ್ಯಾನಿನಲ್ಲಿ ಕಂಡ ಸವೆತವೇ ನೋವಿಗೆ ಕಾರಣ ಎಂದು ಹೇಳಬೇಕಾದರೆ ನೋವು ಎಲ್ಲಿ, ಯಾವಾಗ, ಯಾವ ಭಂಗಿಯಲ್ಲಿ ಎನ್ನುವುದು ಆ ಚಿತ್ರದ ಜತೆ ಹೊಂದಬೇಕು. ಅದನ್ನು ಹೇಳಬಲ್ಲವನು ರೋಗಿ ಮಾತ್ರ. ಮಾತನ್ನು ಬಿಟ್ಟು ಚಿತ್ರವನ್ನೇ ಹಿಡಿದರೆ ಬೇಡದ ಆಪರೇಷನ್ ಕಡೆಗೆ ದಾರಿ ತೆರೆಯುತ್ತದೆ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಸಮಯದ್ದು. ಸಾಲು ಬಾಗಿಲಾಚೆಗೂ ಬೆಳೆದಿರುವಾಗ, ಹೊರಗೆ ಅಳುವ ಮಗು, ಒಳಗೆ ಫೋನ್, ಒಬ್ಬರೇ ವೈದ್ಯರಿರುವಾಗ ಕಥೆ ಕೇಳುವುದಾದರೂ ಹೇಗೆ? ಈ ಕಷ್ಟವನ್ನು ಹಗುರವಾಗಿ ಕಾಣುವ ಹಕ್ಕು ಹೊರಗಿನವರಿಗಿಲ್ಲ. 67 ದೇಶಗಳ ಅಂಕಿಅಂಶ ಕಲೆಹಾಕಿ 2017ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಪ್ರಾಥಮಿಕ ಹಂತದ ವೈದ್ಯರು ಒಬ್ಬ ರೋಗಿಗೆ ಕೊಡುವ ಸಮಯ ಬಾಂಗ್ಲಾದೇಶದಲ್ಲಿ 48 ಸೆಕೆಂಡು, ಸ್ವೀಡನ್ನಿನಲ್ಲಿ 22.5 ನಿಮಿಷ. ನಮ್ಮ ಸರ್ಕಾರಿ ಆಸ್ಪತ್ರೆಗಳ ಸಾಲಿನಲ್ಲಿ ನಿಂತವರಿಗೆ ನಾವು ಯಾವ ತುದಿಗೆ ಹತ್ತಿರ ಎಂದು ಬಿಡಿಸಿ ಹೇಳಬೇಕಿಲ್ಲ. ವೈದ್ಯರ ಸಂಖ್ಯೆ ಹೆಚ್ಚಬೇಕು, ಅದಕ್ಕೆ ಬದಲಿ ಇಲ್ಲ. ಆದರೆ ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ವೋಲ್ಫ್ ಲಾಂಗೆವಿಟ್ಸ್ ಮತ್ತವರ ತಂಡ 335 ರೋಗಿಗಳನ್ನು ತಡೆಯದೆ ಮಾತಾಡಲು ಬಿಟ್ಟರೆ ಎಷ್ಟು ಹೊತ್ತು ಮಾತಾಡುತ್ತಾರೆ ಎಂದು ಗಡಿಯಾರ ಹಿಡಿದು ನೋಡಿತು. 2002ರಲ್ಲಿ ಪ್ರಕಟವಾದ ಆ ಲೆಕ್ಕದ ಪ್ರಕಾರ ಸರಾಸರಿ 92 ಸೆಕೆಂಡು. ನೂರಕ್ಕೆ 78 ಜನ ಎರಡು ನಿಮಿಷದೊಳಗೆ ತಾವಾಗಿಯೇ ನಿಲ್ಲಿಸಿದರು. ಬಿಟ್ಟರೆ ಮುಗಿಯುವುದೇ ಇಲ್ಲ ಎಂಬ ಭಯಕ್ಕೆ ಆಧಾರವಿಲ್ಲ. ತಪ್ಪು ರೋಗನಿರ್ಣಯದಿಂದ ಅದೇ ರೋಗಿ ಮೂರು ಸಲ ವಾಪಸ್ ಬಂದರೆ ಹೋಗುವ ಸಮಯ ಇದಕ್ಕಿಂತ ಎಷ್ಟೋ ಹೆಚ್ಚು.

ಹಾಗಾದರೆ ಏನು ಮಾಡಬೇಕು? ಮೊದಲನೆಯದು ದಾಖಲೆಗೆ ಸಂಬಂಧಿಸಿದ್ದು. ಪ್ರತಿ ಕೇಸ್ ಶೀಟಿನ, ಪ್ರತಿ ಒಪಿಡಿ ಚೀಟಿಯ ಮೊದಲ ಸಾಲು ರೋಗಿಯ ಬಾಯಿಂದ ಬಂದ ಮಾತೇ ಆಗಿರಲಿ, ಕನ್ನಡದಲ್ಲೇ ಇರಲಿ. “ಬಿಂದಿಗೆ ನೀರು ತರಲಾಗುವುದಿಲ್ಲ” ಎಂದು ಬರೆದ ಮೇಲೆ ಅದರ ಕೆಳಗೆ ವೈದ್ಯಕೀಯ ಪರಿಭಾಷೆ ಬರಲಿ. ಮುಂದಿನ ವೈದ್ಯರು, ಮುಂದಿನ ಆಸ್ಪತ್ರೆ ಆ ಸಾಲನ್ನು ಓದಿ ಬೇರೊಂದು ತೀರ್ಮಾನಕ್ಕೆ ಬರುವ ಸಾಧ್ಯತೆ ಉಳಿದಿರುತ್ತದೆ. ಈಗ ಏನಾಗುತ್ತಿದೆಯೆಂದರೆ, ಮೊದಲು ಬರೆದವರ ತೀರ್ಮಾನವೇ ಚೀಟಿಯಿಂದ ಚೀಟಿಗೆ ನಕಲಾಗುತ್ತ ಹೋಗಿ, ರೋಗಿ ಮೊದಲ ದಿನ ಹೇಳಿದ್ದೇನು ಎನ್ನುವುದು ಯಾರಿಗೂ ಗೊತ್ತಿರುವುದಿಲ್ಲ.

ಎರಡನೆಯದು ಶಿಕ್ಷಣಕ್ಕೆ ಸಂಬಂಧಿಸಿದ್ದು. 2019ರಲ್ಲಿ ಜಾರಿಗೆ ಬಂದ ಹೊಸ ಎಂಬಿಬಿಎಸ್ ಪಠ್ಯಕ್ರಮದ ಆರಂಭಿಕ ಕೋರ್ಸಿನಲ್ಲಿ ಸ್ಥಳೀಯ ಭಾಷೆಯ ಕಲಿಕೆಗೆ ಜಾಗ ಸಿಕ್ಕಿದೆ, ರೋಗಿಯೊಂದಿಗಿನ ಸಂವಹನವೂ ಪಾಠವಾಗಿದೆ. ಇದು ಒಳ್ಳೆಯ ಆರಂಭ. ಆದರೆ ಬೆಂಗಳೂರಿನ ತರಗತಿಯಲ್ಲಿ ಕಲಿತ ನಾಲ್ಕು ವಾಕ್ಯ ಕಲಬುರಗಿಯಲ್ಲಿ “ಭಾಳ ತ್ರಾಸ ಆಗ್ಲಿಕ್ಹತ್ತೇದ್ರಿ” ಎಂದು ಬರುವವರ ಮುಂದೆ, ತುಳು, ಕೊಂಕಣಿ, ಉರ್ದು, ಲಂಬಾಣಿ ಮನೆಮಾತಿನವರ ಮುಂದೆ ಎಷ್ಟು ನಿಂತೀತು? ಅಂತಿಮ ವರ್ಷದ ಪರೀಕ್ಷೆಯಲ್ಲಿ ರೋಗಿಯ ಮಾತನ್ನು ಆತನ ಭಾಷೆಯಲ್ಲೇ ಕೇಳಿ, ಅರ್ಥಮಾಡಿಕೊಂಡದ್ದನ್ನು ಆತನಿಗೆ ತಿರುಗಿ ಹೇಳಿ, “ಸರಿಯಾಗಿ ತಿಳಿದುಕೊಂಡೆನೆ?” ಎಂದು ಒಪ್ಪಿಗೆ ಪಡೆಯುವುದಕ್ಕೆ ಅಂಕವಿರಬೇಕು. ಅಂಕವಿಲ್ಲದ್ದನ್ನು ನಮ್ಮ ಕಾಲೇಜುಗಳಲ್ಲಿ ಯಾರೂ ಕಲಿಯುವುದಿಲ್ಲ. ವೈದ್ಯೆಯಾಗಿದ್ದ ಅನುಪಮಾ ನಿರಂಜನ ಹೆಣ್ಣುಮಕ್ಕಳ ದೇಹ, ಬಸಿರು, ಬಾಣಂತನ, ದಾಂಪತ್ಯದ ಬಗ್ಗೆ ಕನ್ನಡದಲ್ಲಿ ಬರೆದ ಪುಸ್ತಕಗಳನ್ನು ಒಂದು ಇಡೀ ತಲೆಮಾರು ಮನೆಯಲ್ಲಿಟ್ಟುಕೊಂಡು ಓದಿತು. ನಿಮ್ಹಾನ್ಸ್‌ನ ಸಿ.ಆರ್. ಚಂದ್ರಶೇಖರ್ ಮನಸ್ಸಿನ ಕಾಯಿಲೆಗಳ ಬಗ್ಗೆ ಅದೇ ಕೆಲಸ ಮಾಡಿದರು. ವೈದ್ಯಕೀಯವನ್ನು ಜನರ ಮಾತಿನಲ್ಲಿ ಹೇಳಬಹುದು ಎಂದು ಅವರು ತೋರಿಸಿಕೊಟ್ಟರು. ಜನರ ಮಾತಿನಲ್ಲಿ ವೈದ್ಯಕೀಯವನ್ನು ಕೇಳಿಸಿಕೊಳ್ಳುವ ಕಲೆಯನ್ನು ಕಾಲೇಜುಗಳು ಇನ್ನು ಕಲಿಸಬೇಕು.

ಮೂರನೆಯದು, ಆಸ್ಪತ್ರೆಯಲ್ಲಿ ರೋಗಿ ಮನಬಿಚ್ಚಿ ಮಾತಾಡುವುದು ಹೆಚ್ಚಾಗಿ ವೈದ್ಯರ ಹತ್ತಿರವಲ್ಲ. ಬಿಪಿ ನೋಡುವ ಸಿಸ್ಟರ್, ಮಾತ್ರೆ ಕೊಡುವ ಫಾರ್ಮಸಿಯವರು, ಮನೆಗೇ ಬರುವ ಆಶಾ ಕಾರ್ಯಕರ್ತೆ, ಇವರ ಕಿವಿಗೆ ಬಿದ್ದ ಮಾತನ್ನು ಚೀಟಿಯ ಮೇಲೆ ಬರೆಯಲು ಅವರಿಗೆ ಅಧಿಕಾರ ಕೊಡಬೇಕು. ಗೋಡೆಗೆ ಒರಗಿ ರಾತ್ರಿ ಕಳೆಯುವವರನ್ನು ಮೊದಲು ಕಾಣುವವರು ಅವರೇ.

ರೋಗಿಗಳಾಗಿ ನಾವು ಮಾಡಬೇಕಾದದ್ದೂ ಇದೆ. ವೈದ್ಯರ ಮುಂದೆ ಕೂತಾಗ ಕಾಯಿಲೆಯ ಹೆಸರು ಹೇಳುವುದನ್ನು ಬಿಟ್ಟು ನಡೆದದ್ದನ್ನು ಹೇಳೋಣ. ಯಾವಾಗ ಶುರುವಾಯಿತು, ಆಗ ಏನು ಮಾಡುತ್ತಿದ್ದೆವು, ಎಷ್ಟು ಹೊತ್ತು ಇತ್ತು, ಯಾವುದರಿಂದ ಹೆಚ್ಚಾಗುತ್ತದೆ, ಯಾವುದರಿಂದ ಇಳಿಯುತ್ತದೆ. ಮೊದಲು ಮಾಡುತ್ತಿದ್ದು ಈಗ ಬಿಟ್ಟಿರುವ ಕೆಲಸ ಯಾವುದು. ನಾಟಿ ಮದ್ದೋ ಮೆಡಿಕಲ್ ಶಾಪಿನ ಮಾತ್ರೆಯೋ ಏನೇನು ತೆಗೆದುಕೊಂಡೆವು. ಬೈದಾರೆಂದು ಇದನ್ನು ಮುಚ್ಚಿಡುವುದು ಬೇಡ. ಕೊನೆಗೆ, ಮನೆಯಿಂದ ಹೊರಟಾಗ ಮನಸ್ಸಿನಲ್ಲಿದ್ದ ಭಯ ಯಾವುದು ಎನ್ನುವುದನ್ನೂ ಹೇಳಿಬಿಡೋಣ.

ಇಷ್ಟಾದರೂ ಎರಡು ಕಡೆಯ ಹೊಣೆ ಸಮನಾಗುವುದಿಲ್ಲ, ಆಗಲೂಬಾರದು. ವೈದ್ಯರಾಗಲು ಐದೂವರೆ ವರ್ಷದ ಓದು ಮತ್ತು ತರಬೇತಿ ಇದೆ. ರೋಗಿಯಾಗಲು ಯಾವ ತರಬೇತಿಯೂ ಇಲ್ಲ. ಮೇಜಿನ ಒಂದು ಕಡೆ ಜ್ಞಾನ, ಅಧಿಕಾರ, ಪೆನ್ನು ಇವೆ. ಇನ್ನೊಂದು ಕಡೆ ನೋವು, ಭಯ, ಹೊರಗೆ ಕಾಯುತ್ತಿರುವ ಮನೆಯವರು, ತಪ್ಪಿಸಿಕೊಂಡು ಬಂದ ದಿನಗೂಲಿ ಇವೆ. ಮಾತು ಅರ್ಥವಾಗದಿದ್ದರೆ ಅದು ಹೇಳಿದವರ ದೋಷ ಎನ್ನುವ ರೂಢಿಯನ್ನು ನಾವು ಒಪ್ಪಬಾರದು. ರೋಗಿ ಏನು ಹೇಳಿದರು ಎನ್ನುವುದು ಚೀಟಿಯಲ್ಲಿ ಇಲ್ಲದಿದ್ದರೆ ಆ ಚೀಟಿ ಅಪೂರ್ಣ ಎಂದು ನಮ್ಮ ಆಸ್ಪತ್ರೆಗಳು, ವೈದ್ಯಕೀಯ ಕಾಲೇಜುಗಳು, ಆರೋಗ್ಯ ಇಲಾಖೆ ತೀರ್ಮಾನಿಸಲಿ. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ, ಹೊಸ ಯಂತ್ರ ಬೇಕಿಲ್ಲ. ಮೊದಲ ಎರಡು ನಿಮಿಷ ಬಾಯಿ ಹಾಕದೆ ಕೇಳುವ ನಿಯಮವನ್ನು ನಾಳೆ ಬೆಳಗಿನ ಒಪಿಡಿಯಿಂದಲೇ ಜಾರಿಗೆ ತರಬಹುದು.